ಛಾವಣಿ ಮೇಲೆ ಬರೆಯದ ಹೆಸರುಗಳು

ನಾನು ಕುಡಿಯುವವನಲ್ಲ. ಇದನ್ನು ಮೊದಲೇ ಹೇಳಿಬಿಡ್ತೀನಿ. ಯಾಕಂದ್ರೆ ಈ ಮಾತುಗಳನ್ನು ಸ್ಟುಡಿಯೋದಲ್ಲಿ ಆಡಿದ ರಾತ್ರಿ ಫೋನ್ ಮೇಲೆ ಫೋನ್ ಬಂತು. "ಏನ್ ಸಾರ್, ನೀವೂ ವೈನ್ ಕಥೆ ಶುರು ಹಚ್ಕೊಂಡ್ರಾ?" ಹೌದು ಸ್ವಾಮಿ, ವೈನ್ ಕಥೆಯೇ. ಸ್ವಲ್ಪ ತಾಳ್ಮೆಯಿಂದ ಕೇಳಿ, ಕೊನೆಗೆ ಇದು ನಮ್ಮ ಚಿಕ್ಕಬಳ್ಳಾಪುರಕ್ಕೇ ಬಂದು ನಿಲ್ಲುತ್ತೆ.

ಪೋರ್ಚುಗಲ್ ದೇಶದ ಉತ್ತರದಲ್ಲಿ ಡೌರೋ ಅಂತ ಒಂದು ನದಿ. ಅದು ಅಟ್ಲಾಂಟಿಕ್ ಸಾಗರ ಸೇರುವ ಜಾಗದಲ್ಲಿ ಎದುರುಬದುರಾಗಿ ಎರಡು ಊರು. ಉತ್ತರ ದಡದಲ್ಲಿ ಪೋರ್ಟೊ, ದಕ್ಷಿಣ ದಡದಲ್ಲಿ ವಿಲಾ ನೋವಾ ದ ಗಾಯಾ. ನಮ್ಮ ಕಿವಿಗೆ 'ಗಾಯ' ಅಂತಲೇ ಕೇಳಿಸುತ್ತೆ. ಜಗತ್ತಿಗೆಲ್ಲ ಗೊತ್ತಿರುವ ಪೋರ್ಟ್ ವೈನಿಗೆ ಹೆಸರು ಬಂದಿದ್ದು ಪೋರ್ಟೊ ಊರಿನಿಂದ. ಆದ್ರೆ ಆ ವೈನ್ ಶತಮಾನಗಳ ಕಾಲ ಮಲಗಿ ಹಣ್ಣಾಗಿದ್ದು ಗಾಯಾದ ಗೋದಾಮುಗಳಲ್ಲಿ. ದ್ರಾಕ್ಷಿ ಬೆಳೆಯೋದು ಇವೆರಡೂ ಊರಲ್ಲಲ್ಲ, ನದಿಯಲ್ಲಿ ಸುಮಾರು 100 ಕಿಲೋಮೀಟರ್ ಮೇಲಕ್ಕೆ ಹೋದ ಮೇಲೆ ಸಿಗುವ ಬೆಟ್ಟಗಳಲ್ಲಿ. ಬೆಳೆ ಒಬ್ಬರದ್ದು, ಗೋದಾಮು ಇನ್ನೊಬ್ಬರದ್ದು, ಹೆಸರು ಮತ್ತೊಬ್ಬರದ್ದು. ಇಲ್ಲಿಂದಲೇ ಕಥೆ ಶುರು.

ಗಾಯಾದ ಈ ಹಳೇ ಗೋದಾಮು ಪೇಟೆಯನ್ನು ಕಾಲ್ನಡಿಗೆಯಲ್ಲಿ ತೋರಿಸುವ ಗೈಡುಗಳಿದ್ದಾರೆ. ಪೋರ್ಟೊ ಕಡೆಯ ರಿಬೇರಾ ದಂಡೆಯಲ್ಲಿ ಸೇರೋದು, ಸೇತುವೆ ದಾಟೋದು, ಏರುದಾರಿಯ ಸಂದಿಗಳಲ್ಲಿ ಎರಡು ಮೂರು ತಾಸು ಅಲೆಯೋದು, ಕೊನೆಗೆ ಒಂದು ನೆಲಮಾಳಿಗೆಯಲ್ಲಿ ಕೂತು ರುಚಿ ನೋಡೋದು. ನಾನೂ ನನ್ನ ಕ್ಯಾಮೆರಾಮನ್ನೂ ಅಂಥ ಒಂದು ಗುಂಪಿಗೆ ಸೇರಿಕೊಂಡ್ವಿ. ನಮ್ಮ ಗೈಡು ಅರವತ್ತರ ಆಸುಪಾಸಿನ ಹೆಂಗಸು. ಸೇತುವೆ ಮಧ್ಯ ನಿಲ್ಲಿಸಿ, "ಎದುರಿಗಿರುವ ಛಾವಣಿಗಳನ್ನ ಓದಿ" ಅಂದ್ರು.

1886ರಲ್ಲಿ ಕಟ್ಟಿದ ಕಬ್ಬಿಣದ ಸೇತುವೆ ಅದು. ಮೇಲೊಂದು ಕೆಳಗೊಂದು, ಎರಡು ದಾರಿ. ಅಲ್ಲಿಂದ ನೋಡಿದ್ರೆ ಗಾಯಾದ ಗುಡ್ಡ ಪೂರ್ತಿ ಕೆಂಪು ಹೆಂಚು. ಹೆಂಚಿನ ಮೇಲೆ ಆಳೆತ್ತರದ ಅಕ್ಷರಗಳು: ಸ್ಯಾಂಡಿಮನ್, ಟೇಲರ್ಸ್, ಗ್ರಹಾಮ್ಸ್. ಅಲ್ಲೊಂದು ಇಲ್ಲೊಂದು ಕಾಲೆಂ, ಫೆರೇರಾ. ಪೋರ್ಚುಗಲ್ಲಿನ ಗುಡ್ಡದ ಮೇಲೆ ಇಷ್ಟೊಂದು ಇಂಗ್ಲಿಷರು, ಸ್ಕಾಟ್ಲೆಂಡಿನವರು ಯಾಕೆ?

ಉತ್ತರ ಇರೋದು ಬಟ್ಟೆಯಲ್ಲಿ. ಇಂಗ್ಲೆಂಡಿಗೆ ಫ್ರಾನ್ಸ್ ಜೊತೆ ಸದಾ ಜಗಳ. ಜಗಳ ಬಂದಾಗೆಲ್ಲ ಫ್ರೆಂಚ್ ವೈನಿಗೆ ಸುಂಕ, ಇಲ್ಲ ನಿಷೇಧ. ಆದ್ರೆ ಕುಡಿಯೋ ಬಾಯಿ ಸುಮ್ಮನಿರುತ್ತಾ? 1703ರಲ್ಲಿ ಮೆಥುವೆನ್ ಒಪ್ಪಂದ ಆಯ್ತು. ಇಂಗ್ಲೆಂಡಿನ ಉಣ್ಣೆಬಟ್ಟೆ ಪೋರ್ಚುಗಲ್ಲಿಗೆ ಬರಲಿ, ಪೋರ್ಚುಗಲ್ಲಿನ ವೈನಿಗೆ ಇಂಗ್ಲೆಂಡಿನಲ್ಲಿ ಫ್ರೆಂಚ್ ವೈನಿಗಿಂತ ಮೂರನೇ ಒಂದು ಭಾಗ ಕಡಿಮೆ ಸುಂಕ ಇರಲಿ ಅಂತ. ಬಟ್ಟೆ ವ್ಯಾಪಾರಿಗಳು ವೈನ್ ವ್ಯಾಪಾರಿಗಳಾದ್ರು. ಸಮುದ್ರಯಾನದಲ್ಲಿ ಕೆಡದಿರಲಿ ಅಂತ ವೈನಿಗೆ ದ್ರಾಕ್ಷಿ ಬ್ರಾಂದಿ ಸುರಿಯುವ ಪದ್ಧತಿ ಬಂತು. ಮುಂದೆ, ರಸ ಇನ್ನೂ ಹುದುಗು ಬರುತ್ತಿರುವಾಗಲೇ ಬ್ರಾಂದಿ ಸೇರಿಸೋದು ರೂಢಿಯಾಯ್ತು. ಹುದುಗು ಅಲ್ಲಿಗೇ ನಿಂತುಬಿಡುತ್ತೆ, ಸಕ್ಕರೆ ಅಂಶ ಉಳಿಯುತ್ತೆ. ಪೋರ್ಟ್ ವೈನ್ ಅಷ್ಟು ಸಿಹಿ, ಅಷ್ಟು ಗಡಸು ಇರೋದು ಇದೇ ಕಾರಣಕ್ಕೆ.

ಗೋದಾಮು ಗಾಯಾದಲ್ಲೇ ಯಾಕೆ? ಉತ್ತರಕ್ಕೆ ಮುಖ ಮಾಡಿದ ಗುಡ್ಡ, ಬಿಸಿಲು ಕಮ್ಮಿ, ನದಿಯ ತಂಪು ಅನ್ನೋದು ಒಂದು. ಇನ್ನೊಂದು ಹಳೇ ತಕರಾರು. ಪೋರ್ಟೊ ದಡದಲ್ಲಿ ಬಿಷಪ್ಪರ ಸುಂಕದ ಹಕ್ಕು ಇತ್ತು. ಅದಕ್ಕೆ ಪೈಪೋಟಿಯಾಗಿ ರಾಜ ಮೂರನೇ ಅಫೊನ್ಸೊ 1255ರಲ್ಲೇ ಗಾಯಾಕ್ಕೆ ಸನ್ನದು ಕೊಟ್ಟಿದ್ದ. 1926ರಲ್ಲಿ ಕಾನೂನೇ ಬಂತು, ಪೋರ್ಟ್ ವೈನ್ ಹಣ್ಣಾಗಿ ಹಡಗು ಹತ್ತಬೇಕಾದ್ರೆ ಗಾಯಾದಿಂದಲೇ ಹೊರಡಬೇಕು ಅಂತ. ದ್ರಾಕ್ಷಿ ಬೆಳೆದ ರೈತ ತನ್ನ ವೈನನ್ನು ತನ್ನ ತೋಟದಿಂದಲೇ ವಿದೇಶಕ್ಕೆ ಕಳಿಸುವ ಹಕ್ಕು ಪಡೆದಿದ್ದು 1986ರಲ್ಲಿ. ಅರವತ್ತು ವರ್ಷ! ನಮ್ಮ ಎಪಿಎಂಸಿ ಜಗಳ ನೋಡಿದವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ.

ಮೊದಲ ಗೋದಾಮಿನೊಳಗೆ ಕಾಲಿಟ್ಟಾಗ ಕತ್ತಲು, ತೇವ, ಮರದ ವಾಸನೆ. ಸಾಲು ಸಾಲು ಪೀಪಾಯಿ. ಪ್ರತಿ ವರ್ಷ ಅದರಲ್ಲಿ ಶೇಕಡಾ 2ರಷ್ಟು ಆವಿಯಾಗಿ ಹೋಗುತ್ತಂತೆ, ಅದಕ್ಕೆ ದೇವತೆಗಳ ಪಾಲು ಅಂತಾರೆ. ಗೈಡಮ್ಮ ಒಂದನ್ನ ತಟ್ಟಿ, "ಇದು ಪೀಪಾ. ಸುಮಾರು 550 ಲೀಟರ್" ಅಂದ್ರು.

ನನಗೆ ಮೈ ಜುಮ್ಮೆಂತು. ನಮ್ಮ ಅಜ್ಜಿ ಹಿತ್ತಲಲ್ಲಿ ನೀರು ತುಂಬಿಡ್ತಿದ್ದ ಪೀಪಾಯಿ ಇದೇ ಪದ! ಪೋರ್ಚುಗೀಸರು ನಮ್ಮ ಕರಾವಳಿಯಲ್ಲಿ, ಹೊನ್ನಾವರ, ಬಸರೂರು, ಮಂಗಳೂರುಗಳಲ್ಲಿ ಕೋಟೆ ಕಟ್ಟಿದ್ದು, ಉಳ್ಳಾಲದ ಅಬ್ಬಕ್ಕನ ಕೈಲಿ ಏಟು ತಿಂದಿದ್ದು ಎಲ್ಲ ನಿಮಗೆ ಗೊತ್ತು. ಅವರು ಬಿಟ್ಟುಹೋದ ಪದಗಳು ಇವತ್ತಿಗೂ ನಮ್ಮ ಮನೆಯಲ್ಲಿವೆ. ಚಾವಿ ಅವರದ್ದು. ಅಲಮಾರು ಅವರದ್ದು. ಪಗಾರವೂ ಅವರದ್ದೇ. ಹೀಗಂತ ಹೇಳಿದಾಗ ಗೈಡಮ್ಮ ನಕ್ಕು, "ಪಗಾರ ನಿಮಗೆ ತಲುಪಿತಾ? ನಮ್ಮ ಅಜ್ಜನಿಗೆ ಸರಿಯಾಗಿ ತಲುಪಲೇ ಇಲ್ಲ" ಅಂದ್ರು.

ಅವರ ಅಜ್ಜ ರಬೇಲೊ ದೋಣಿಯವರಂತೆ.

ರಬೇಲೊ ಅಂದ್ರೆ ಚಪ್ಪಟೆ ತಳದ ಮರದ ದೋಣಿ, ಒಂದೇ ಚೌಕ ಹಾಯಿ. ಹಿಂದೆ ಚುಕ್ಕಾಣಿಯ ಬದಲು ಉದ್ದನೆಯ ಒಂದು ಹುಟ್ಟು; ಅದನ್ನು ತಿರುಗಿಸೋಕೆ ಎತ್ತರದ ಅಟ್ಟಣಿಗೆ ಮೇಲೆ ನಿಲ್ಲಬೇಕು, ಪೀಪಾಯಿಗಳ ರಾಶಿಯ ಮೇಲಿಂದ ಮುಂದಿನ ನೀರು ಕಾಣಬೇಕಲ್ಲ. ಬೆಟ್ಟದ ವೈನೆಲ್ಲ ಗಾಯಾಕ್ಕೆ ಇಳಿದಿದ್ದು ಇವುಗಳಲ್ಲೇ. ಡೌರೋ ಆಗ ಈಗಿನಂತೆ ಸಾಧು ನದಿಯಲ್ಲ. ಬಂಡೆ, ಸುಳಿ, ಕೊರಕಲು. ಇಳಿಯುವಾಗ ಜೀವ ಕೈಲಿ. ಖಾಲಿ ದೋಣಿ ಹತ್ತಿಸುವಾಗ ಗಾಳಿ ಕೈಕೊಟ್ಟರೆ ದಡದ ಮೇಲಿಂದ ಎತ್ತುಗಳು, ಎತ್ತು ಸಿಗದ ಕಡೆ ಮನುಷ್ಯರೇ ಹಗ್ಗ ಹಿಡಿದು ಎಳೆಯಬೇಕು.

ಈ ನದಿಯ ಒಂದು ಸಾವು ಮಾತ್ರ ಪ್ರತಿ ಗೈಡಿನ ಬಾಯಲ್ಲೂ ಬರುತ್ತೆ. 1861ರ ಮೇ 12. ಜೋಸೆಫ್ ಜೇಮ್ಸ್ ಫಾರೆಸ್ಟರ್, ಇಂಗ್ಲಿಷ್ ಮೂಲದ ವ್ಯಾಪಾರಿ, ಬ್ಯಾರನ್ ಪದವಿ ಪಡೆದವನು, ಡೌರೋ ನದಿಯ ಪ್ರಸಿದ್ಧ ನಕ್ಷೆ ಬರೆದವನು. ವಲೇರಾ ಅನ್ನುವ ಸುಳಿಯಲ್ಲಿ ದೋಣಿ ಮಗುಚಿ ಮುಳುಗಿದ. ಸೊಂಟದಲ್ಲಿ ಹಣದ ಪಟ್ಟಿ ಇತ್ತು, ಅದರ ಭಾರಕ್ಕೇ ಮುಳುಗಿದ ಅಂತಾರೆ. ಅದೇ ದೋಣಿಯಲ್ಲಿದ್ದ ದೊಡ್ಡ ತೋಟಗಳ ಒಡತಿ ಡೊನಾ ಆಂಟೋನಿಯಾ ಫೆರೇರಾ ಬದುಕಿದಳು. ಅವಳ ಘೇರದ ಲಂಗ ಗಾಳಿ ತುಂಬಿ ತೇಲಿಸಿತು ಅಂತಾರೆ. ತಮಾಷೆ ಅಂದ್ರೆ, ವೈನಿಗೆ ಬ್ರಾಂದಿ ಸೇರಿಸೋದೇ ತಪ್ಪು ಅಂತ 1844ರಲ್ಲಿ ಪುಸ್ತಿಕೆ ಬರೆದು ಜಗಳ ತೆಗೆದವನು ಈ ಫಾರೆಸ್ಟರ್! ಇವತ್ತು ಬ್ರಾಂದಿ ಇಲ್ಲದಿದ್ರೆ ಅದು ಪೋರ್ಟೇ ಅಲ್ಲ.

"ಬ್ಯಾರನ್ ಸತ್ತಿದ್ದು ಎಲ್ಲರಿಗೂ ಗೊತ್ತು. ಅದೇ ನೀರಲ್ಲಿ ಹೋದ ದೋಣಿಯವರ ಹೆಸರು ಯಾರಾದ್ರೂ ಹೇಳಿ ನೋಡೋಣ" ಅಂದ್ರು ಗೈಡಮ್ಮ. ಯಾರೂ ಹೇಳಲಿಲ್ಲ. 1887ರ ಹೊತ್ತಿಗೆ ರೈಲು ಕಣಿವೆಯುದ್ದಕ್ಕೂ ಸ್ಪೇನ್ ಗಡಿ ಮುಟ್ಟಿತು, ಆಮೇಲೆ ಲಾರಿ ಬಂತು, 1970ರ ದಶಕದಲ್ಲಿ ಒಂದರ ಹಿಂದೊಂದು ಅಣೆಕಟ್ಟು. ವಲೇರಾ ಸುಳಿ ಈಗ ನಿಂತ ನೀರಿನಡಿ. ದಂಡೆಯಲ್ಲಿ ಕಟ್ಟಿಹಾಕಿರುವ ಚೆಂದದ ರಬೇಲೊಗಳು ಈಗ ಕಂಪನಿಗಳ ತೇಲುವ ಬೋರ್ಡುಗಳು. ಪ್ರತಿ ಜೂನ್ 24ರ ಸಂತ ಜಾನ್ ಹಬ್ಬಕ್ಕೆ ಅವುಗಳ ಪಂದ್ಯ ನಡೆಯುತ್ತೆ.

ಇನ್ನೊಂದು ಘಟನೆ ಹೇಳಲೇಬೇಕು. ನಾನು ಓದಿಕೊಂಡು ಹೋಗಿದ್ದೆ, ಗೈಡಮ್ಮ ಹೇಳ್ತಾರೋ ಇಲ್ವೋ ಅಂತ ಕಾಯ್ತಿದ್ದೆ. ನದಿಗೆ ಮುಖ ಮಾಡಿ ಒಂದು ಕಟ್ಟೆ ಮೇಲೆ ಕೂರಿಸಿ ಅವರೇ ಶುರು ಮಾಡಿದ್ರು.

1750ರ ದಶಕದಲ್ಲಿ ವೈನಿಗೆ ಬೇಡಿಕೆ ಎಷ್ಟಿತ್ತಂದ್ರೆ ಕಲಬೆರಕೆ ಶುರುವಾಯ್ತು. ಎಲ್ಡರ್‌ಬೆರಿ ಅನ್ನುವ ಕಪ್ಪು ಹಣ್ಣಿನ ರಸ ಸೇರಿಸಿ ಬಣ್ಣ ಗಾಢ ಮಾಡೋದು. ಇಂಗ್ಲಿಷ್ ವ್ಯಾಪಾರಿಗಳು 'ಮಾಡಿದ್ದು ರೈತರು' ಅಂದ್ರು, ರೈತರು 'ಮಾಡಿಸಿದ್ದು ನೀವೇ' ಅಂದ್ರು. ಬೆಲೆ ನೆಲಕಚ್ಚಿತು. ಆಗ ಲಿಸ್ಬನ್ನಿನಲ್ಲಿ ಮಂತ್ರಿಯಾಗಿದ್ದವನು, ಮುಂದೆ ಮಾರ್ಕ್ವಿಸ್ ಆಫ್ ಪೊಂಬಾಲ್ ಅಂತ ಹೆಸರಾದವನು. 1755ರ ಭೂಕಂಪದ ನಂತರ ಇಡೀ ದೇಶ ಅವನ ಮುಷ್ಟಿಯಲ್ಲಿ. 1756ರ ಸೆಪ್ಟೆಂಬರ್ 10ರಂದು ಒಂದು ಕಂಪನಿ ಹುಟ್ಟುಹಾಕಿದ. ಪೋರ್ಟ್ ದ್ರಾಕ್ಷಿ ಎಲ್ಲಿ ಬೆಳೆಯಬೇಕು ಅಂತ ಗಡಿ ಗುರುತಿಸಿದರು, 300ಕ್ಕೂ ಹೆಚ್ಚು ಗ್ರಾನೈಟ್ ಕಲ್ಲು ನೆಟ್ಟರು, ಬೆಲೆ ನಿಗದಿ ಮಾಡಿದರು, ಎಲ್ಡರ್‌ಬೆರಿ ಗಿಡ ಕಂಡಲ್ಲಿ ಕೀಳಿಸಿದರು. ಪ್ರಪಂಚದಲ್ಲಿ ಹೀಗೆ ಗಡಿ ಹಾಕಿ ನಿಯಂತ್ರಿಸಿದ ಅತಿ ಹಳೆಯ ವೈನ್ ಪ್ರದೇಶಗಳಲ್ಲಿ ಇದೂ ಒಂದು. ವೈನ್ ಪುಸ್ತಕಗಳಲ್ಲಿ ಪೊಂಬಾಲ್ ಹೀರೋ.

ಆದ್ರೆ ಅದೇ ಆಜ್ಞೆಯಲ್ಲಿ, ಪೋರ್ಟೊ ಊರೊಳಗೆ ಚಿಲ್ಲರೆ ವೈನ್ ಮಾರುವ ಹಕ್ಕೂ ಕಂಪನಿಗೇ ಹೋಯ್ತು. ಬೀದಿಬದಿ ವೈನ್ ಅಂಗಡಿ ಇಟ್ಟು ಬದುಕುತ್ತಿದ್ದ ಗಂಡಸರು, ಹೆಂಗಸರು, ಪೀಪಾಯಿ ಮಾಡುವ ಕುಶಲಿಗಳು ಏನು ಮಾಡಬೇಕು? 1757ರ ಫೆಬ್ರವರಿ 23, ಕ್ರೈಸ್ತರ ಬೂದಿ ಬುಧವಾರ. ಜನ ಬೀದಿಗಿಳಿದರು. ರಾಜನಿಗೆ ಜೈ, ಕಂಪನಿಗೆ ಧಿಕ್ಕಾರ ಅನ್ನುವ ಅರ್ಥದ ಕೂಗು. ಕಂಪನಿ ಮುಖ್ಯಸ್ಥನ ಮನೆಗೆ ನುಗ್ಗಿದರು. ಗಲಭೆ ಒಂದೇ ದಿನದ್ದು. ಪೊಂಬಾಲ್ ಅದನ್ನು ರಾಜದ್ರೋಹ ಅಂತ ಕರೆದ. ಸೈನ್ಯ ಬಂತು, ಸೈನ್ಯವನ್ನು ಸಾಕುವ ಖರ್ಚು ಊರಿನ ತಲೆಗೆ. ಒಂದು ಡಜನ್‌ಗೂ ಹೆಚ್ಚು ಮಂದಿಯನ್ನು ಅದೇ ವರ್ಷ ನೇಣಿಗೆ ಹಾಕಿದರು, ಅವರಲ್ಲಿ ಹೆಂಗಸೂ ಇದ್ದಳು. ನೂರಾರು ಜನಕ್ಕೆ ಜೈಲು, ಗಡೀಪಾರು. ಚರಿತ್ರೆಯಲ್ಲಿ ಈ ಘಟನೆಗೆ ಸಿಕ್ಕ ಅಡ್ಡಹೆಸರು ಏನು ಗೊತ್ತಾ? 'ಕುಡುಕರ ದಂಗೆ'. ಅನ್ನ ಕೇಳಿದವರಿಗೆ ಆ ಹೆಸರು!

ಅದೇ 1757ರಲ್ಲಿ, ನಾಲ್ಕು ತಿಂಗಳ ನಂತರ ನಮ್ಮಲ್ಲಿ ಪ್ಲಾಸಿ ಕದನ. ಅಲ್ಲೂ ಒಂದು ಕಂಪನಿ. ಇರಲಿ.

ಆಮೇಲಿನದ್ದು ಬೇಗ ಹೇಳಿಬಿಡ್ತೀನಿ. 1833ರಲ್ಲಿ ಅಣ್ಣ ತಮ್ಮಂದಿರ ಸಿಂಹಾಸನದ ಜಗಳದಲ್ಲಿ ಮಿಗೆಲ್ ಕಡೆಯ ಸೈನ್ಯ ಹಿಮ್ಮೆಟ್ಟುವಾಗ ಗಾಯಾದ ಕಂಪನಿ ಗೋದಾಮುಗಳಿಗೆ ಬೆಂಕಿ ಇಟ್ಟಿತು. ವೈನ್ ಹರಿದು ನದಿಗಿಳಿಯಿತು. 1860ರ ದಶಕದಲ್ಲಿ ಫಿಲೊಕ್ಸೆರಾ ಅನ್ನುವ ಬೇರು ತಿನ್ನುವ ಕೀಟ ಬಂದು ಬೆಟ್ಟದ ತೋಟಗಳು ಒಣಗಿದವು. ಬಂಡೆ ಒಡೆದು ಆ ಮೆಟ್ಟಿಲು ತೋಟಗಳನ್ನು ಕಟ್ಟಿದವರಲ್ಲಿ ಎಷ್ಟೋ ಜನ ಪಕ್ಕದ ಸ್ಪೇನಿನ ಗಲೀಸಿಯಾದಿಂದ ಬಂದ ಕೂಲಿಗಳು. ಒಣಗಿದ ಮೇಲೆ ಬಿಟ್ಟುಬಿಟ್ಟ ಮೆಟ್ಟಿಲುಗಳು ಇವತ್ತಿಗೂ ಕಾಣುತ್ತವೆ.

ಈಗ ಗಾಯಾದ ಗೋದಾಮುಗಳಲ್ಲಿ ಕೆಲವು ಹೋಟೆಲು, ಕೆಲವು ಮ್ಯೂಸಿಯಂ. ಮೇಲೆ ಕೇಬಲ್ ಕಾರು. ಗೈಡಮ್ಮ ಅದಕ್ಕೆ ಬೈಯಲಿಲ್ಲ, "ನನ್ನ ಪಗಾರ ಬರೋದೂ ಇದರಿಂದಲೇ" ಅಂದ್ರು. ಕೊನೆಯ ನೆಲಮಾಳಿಗೆಯಲ್ಲಿ ಚಿಕ್ಕ ಗ್ಲಾಸುಗಳು ಬಂದವು. ನಾಲಿಗೆಗೆ ತಾಗಿಸಿದೆ. ಬೆಲ್ಲದ ಪಾಕಕ್ಕೆ ಒಣದ್ರಾಕ್ಷಿ ಹಾಕಿದ ಹಾಗಿತ್ತು. ನನ್ನ ಗ್ಲಾಸು ಕ್ಯಾಮೆರಾಮನ್ ಪಾಲಾಯ್ತು.

ಯುರೋಪಿನ ಕಾನೂನಿನಲ್ಲಿ ಇವತ್ತು ಡೌರೋ ಕಣಿವೆಯ ದ್ರಾಕ್ಷಿ ಬಿಟ್ಟು ಬೇರೆಯದಕ್ಕೆ 'ಪೋರ್ಟ್' ಅಂತ ಕರೆಯುವಂತಿಲ್ಲ. ಅಂದ್ರೆ ಆ ಹೆಸರು ಕೊನೆಗೂ ಬೆಟ್ಟಕ್ಕೆ ವಾಪಸ್ ಹೋಯ್ತು. ನಮ್ಮ ಗೋವಾದಲ್ಲಿ? ಪೋರ್ಚುಗೀಸರು ಹೋದರೂ ಪೋರ್ಟ್ ವೈನ್ ಅನ್ನುವ ಬಾಟಲಿ ಉಳಿಯಿತು. ಅದರೊಳಗಿನ ದ್ರಾಕ್ಷಿ ಹೆಚ್ಚಾಗಿ ಬೆಂಗಳೂರು ಬ್ಲೂ. ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರ ಕಡೆ ಬೆಳೆಯುವ, 2013ರಲ್ಲಿ ಜಿಐ ಟ್ಯಾಗ್ ಸಿಕ್ಕ ನಮ್ಮ ಕಪ್ಪು ದ್ರಾಕ್ಷಿ. ನಂದಿಬೆಟ್ಟದ ದಾರಿಯಲ್ಲಿ ಚಪ್ಪರದ ಕೆಳಗೆ ನೇತಾಡುತ್ತೆ ನೋಡಿ, ಅದೇ.

ಪೋರ್ಟೊದಿಂದ ಬಂದ ಮೇಲೆ ಕಾರವಾರಕ್ಕೆ ಹೋದಾಗ ಪೊಳೆಂ ಗಡಿ ದಾಟಿ ಒಂದು ಅಂಗಡಿ ಮುಂದೆ ಗಾಡಿ ನಿಲ್ಲಿಸಿದೆ. ಪೋರ್ಟ್ ವೈನ್ ಬಾಟಲಿ ತೆಗೆಸಿ ಹಿಂದೆ ಮುಂದೆ ತಿರುಗಿಸಿ ಓದಿದೆ. ದ್ರಾಕ್ಷಿ ಯಾವ ಊರಿನದ್ದು ಅಂತ ಎಲ್ಲೂ ಇರಲಿಲ್ಲ. "ಈ ದ್ರಾಕ್ಷಿ ಎಲ್ಲಿಂದು ಅಣ್ಣಾ?" ಅಂತ ಕೇಳಿದೆ. ಅವನು ಲೇಬಲ್ ನೋಡಿದ, ನನ್ನ ನೋಡಿದ.

"ಗೋವಾದ್ದೇ ಸಾರ್" ಅಂದ.