ಈಸೂರಿನಿಂದ ರಾಜ್ಯಾಂಗ ರಚನಾ ಸಭೆಗೆ

ಶಿಕಾರಿಪುರ ತಾಲ್ಲೂಕಿನ ಬಂದಳಿಕೆಯ ಶಾಸನವೊಂದು ಜಕ್ಕಿಯಬ್ಬೆಯ ವೃತ್ತಾಂತವನ್ನು ಹೇಳುತ್ತದೆ. ರಾಷ್ಟ್ರಕೂಟ ಇಮ್ಮಡಿ ಕೃಷ್ಣನ ಆಳ್ವಿಕೆಯಲ್ಲಿ ನಾಗರಖಂಡ ಎಪ್ಪತ್ತರ ನಾಳ್ಗಾವುಂಡನಾಗಿದ್ದ ಸತ್ತರಸ ನಾಗಾರ್ಜುನನು ಮಡಿದಾಗ ಅವನ ಪದವಿ ಹೆಂಡತಿಯಾದ ಈಕೆಗೆ ಬಂದಿತು. ಜಿನಭಕ್ತೆಯಾದ ಆಕೆ ನಾಡನ್ನು ಸಮರ್ಥವಾಗಿ ಆಳಿ, ಕೊನೆಗೆ ಬಂದಳಿಕೆಯ ಬಸದಿಯಲ್ಲಿ ಸಲ್ಲೇಖನ ವ್ರತ ಕೈಗೊಂಡಳು. ಸ್ತ್ರೀಯ ಆಡಳಿತ ಸಾಮರ್ಥ್ಯಕ್ಕೋ ಸಲ್ಲೇಖನಕ್ಕೋ ನಿದರ್ಶನವಾಗಿ ಈ ಶಾಸನವನ್ನು ಉಲ್ಲೇಖಿಸುವುದು ವಾಡಿಕೆ. ಇಲ್ಲಿ ನನ್ನ ಕುತೂಹಲ ಬೇರೆ: ನಾಡನ್ನು ಆಳುವ ಅಧಿಕಾರ ಆಕೆಗೆ ಎಲ್ಲಿಂದ ಬಂದಿತು? ಉತ್ತರದಲ್ಲಿ ಸಂದಿಗ್ಧವಿಲ್ಲ. ಅದು ಮೇಲಿನಿಂದ, ಅರಸನಿಂದ ಬಂದಿತು.

ಅದೇ ತಾಲ್ಲೂಕಿನ ಈಸೂರಿನಲ್ಲಿ 1942ರಲ್ಲಿ ಈ ಪ್ರಶ್ನೆಗೆ ತದ್ವಿರುದ್ಧವಾದ ಉತ್ತರ ದೊರೆಯಿತು. ಕ್ವಿಟ್ ಇಂಡಿಯಾ ಚಳವಳಿಯ ಕಾವಿನಲ್ಲಿ ಗ್ರಾಮಸ್ಥರು ತಮ್ಮ ಊರನ್ನು ಸ್ವತಂತ್ರವೆಂದು ಸಾರಿ, ವೀರಭದ್ರ ದೇವಾಲಯದ ಮೇಲೆ ಧ್ವಜವನ್ನು ಏರಿಸಿದರು. ಇಬ್ಬರು ಹುಡುಗರನ್ನೇ ಅಮಲ್ದಾರ, ಸಬ್ ಇನ್ಸ್‌ಪೆಕ್ಟರ್ ಎಂದು ನೇಮಿಸಿಕೊಂಡರು. ಸೆಪ್ಟೆಂಬರ್ ಕೊನೆಯ ಘರ್ಷಣೆಯಲ್ಲಿ ಸರ್ಕಾರದ ಅಮಲ್ದಾರರೂ ಸಬ್ ಇನ್ಸ್‌ಪೆಕ್ಟರರೂ ಹತರಾದರು. 1943ರ ಮಾರ್ಚ್‌ನಲ್ಲಿ ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ ಎಂಬ ಐವರನ್ನು ಗಲ್ಲಿಗೇರಿಸಲಾಯಿತು. ಈ ಕಥೆ ನಮ್ಮ ಪಠ್ಯಪುಸ್ತಕಗಳಲ್ಲಿ ಶೌರ್ಯಗಾಥೆಯಾಗಿ ಉಳಿದಿದೆ. ಹುಡುಗರನ್ನು ಅಧಿಕಾರಿಗಳನ್ನಾಗಿಸಿದ್ದನ್ನು ಕೆಲವರು ಆಟವೆಂದೂ ಭಾವಿಸಿದ್ದಾರೆ. ಆ ಆಟದೊಳಗೆ ಒಂದು ರಾಜ್ಯಾಂಗ ತತ್ತ್ವವಿತ್ತು: ಅಧಿಕಾರಿಯನ್ನು ನೇಮಿಸುವ ಹಕ್ಕು ಆಳಿಸಿಕೊಳ್ಳುವವರದು.

‘ರಾಜ್ಯಾಂಗ’ ಎಂಬ ಪದವನ್ನು ಬೇಕೆಂದೇ ಬಳಸಿದ್ದೇನೆ. ಇಂದು ನಾವು ‘ಸಂವಿಧಾನ’ ಎನ್ನುವುದನ್ನು ಅಂದಿನ ಮೈಸೂರಿನ ಬರಹಗಾರರು ಹೆಚ್ಚಾಗಿ ಹೀಗೆ ಕರೆಯುತ್ತಿದ್ದರು. ಸೋಮದೇವಸೂರಿಯ ನೀತಿವಾಕ್ಯಾಮೃತವೂ ಸೇರಿದಂತೆ ನೀತಿಗ್ರಂಥಗಳ ಪರಂಪರೆಯಲ್ಲಿ ರಾಜ್ಯದ ಅಂಗಗಳನ್ನು ಎಣಿಸುವಾಗ ‘ಸ್ವಾಮಿ’ಯೇ ಮೊದಲು, ಜನಪದ ಆಮೇಲೆ. ಹಳೆಯ ಪದ ಹೊಸ ಅರ್ಥವನ್ನು ಹೊತ್ತಾಗ ಈ ಕ್ರಮವೇ ಬದಲಾಗಬೇಕಿತ್ತು. ಮೈಸೂರಿನಲ್ಲಿ ಅದು ಬದಲಾಗಲು ಬಹುಕಾಲ ಹಿಡಿಯಿತು.

1881ರಲ್ಲಿ ದಿವಾನ್ ರಂಗಾಚಾರ್ಲು ಆರಂಭಿಸಿದ ಪ್ರಜಾಪ್ರತಿನಿಧಿ ಸಭೆಯನ್ನು ನಾವು ಹೆಮ್ಮೆಯಿಂದ ನೆನೆಯುತ್ತೇವೆ, ನೆನೆಯತಕ್ಕದ್ದೇ. 144 ಮಂದಿ ಸದಸ್ಯರ ಆ ಸಭೆಗೆ ಅಹವಾಲು ಹೇಳಿಕೊಳ್ಳುವ ಅವಕಾಶವಿತ್ತು, ಶಾಸನ ಮಾಡುವ ಅಧಿಕಾರವಿರಲಿಲ್ಲ. 1907ರಲ್ಲಿ ನ್ಯಾಯವಿಧಾಯಕ ಸಭೆ ಬಂದಿತು. ಬ್ರಜೇಂದ್ರನಾಥ ಸೀಲ್ ಸಮಿತಿಯ ವರದಿಯ ಬಳಿಕ, 1923ರಲ್ಲಿ, ಪ್ರಜಾಪ್ರತಿನಿಧಿ ಸಭೆಗೂ ಶಾಸನದ ಆಧಾರ ದೊರೆಯಿತು. ಇವೆಲ್ಲವೂ ಮಹಾರಾಜರು ದಯಪಾಲಿಸಿದವು. ಜಕ್ಕಿಯಬ್ಬೆಯ ಕಾಲದಿಂದ ಸಭೆಗಳ ಸ್ವರೂಪ ಬದಲಾಗಿತ್ತು, ಅಧಿಕಾರದ ಮೂಲವಲ್ಲ.

1947ರ ಆಗಸ್ಟ್‌ನಲ್ಲಿ ಜಯಚಾಮರಾಜ ಒಡೆಯರು ಭಾರತ ಒಕ್ಕೂಟವನ್ನು ಸೇರುವ ಪತ್ರಕ್ಕೆ ಸಹಿ ಮಾಡಿದರೂ ಜವಾಬ್ದಾರಿ ಸರ್ಕಾರ ಬರಲಿಲ್ಲ. ಸೆಪ್ಟೆಂಬರ್‌ನಲ್ಲಿ ‘ಮೈಸೂರು ಚಲೋ’ ಆರಂಭವಾಯಿತು. ಅಕ್ಟೋಬರ್‌ನಲ್ಲಿ ರಾಜಿಯಾಗಿ ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲ ಅಧಿಕಾರಕ್ಕೆ ಬಂದಿತು. ಸಂಸ್ಥಾನಕ್ಕೆ ಹೊಸ ರಾಜ್ಯಾಂಗವನ್ನು ರೂಪಿಸಲು ರಾಜ್ಯಾಂಗ ರಚನಾ ಸಭೆಯೊಂದೂ ಏರ್ಪಟ್ಟಿತು. ಭಾರತದ ಸಂವಿಧಾನ ರಚನಾ ಸಭೆಯಲ್ಲಿ ಮೈಸೂರಿಗೆ ಏಳು ಸ್ಥಾನಗಳಿದ್ದುದನ್ನು ವಿದ್ಯಾರ್ಥಿಗಳು ಬಲ್ಲರು. ಮೈಸೂರಿಗೇ ಪ್ರತ್ಯೇಕವಾದ ಒಂದು ರಚನಾ ಸಭೆಯಿತ್ತೆಂದರೆ ತರಗತಿಯಲ್ಲಿ ಹುಬ್ಬೇರಿಸುತ್ತಾರೆ. ಸೌರಾಷ್ಟ್ರದಲ್ಲೂ ತಿರುವಾಂಕೂರು–ಕೊಚ್ಚಿಯಲ್ಲೂ ಅಂಥ ಸಭೆಗಳಿದ್ದವು. ಸಂಸ್ಥಾನಗಳಿಗೆಲ್ಲ ಮಾದರಿಯಾಗಬಲ್ಲ ರಾಜ್ಯಾಂಗವೊಂದರ ಕರಡನ್ನು ಬಿ. ಎನ್. ರಾವ್ ಅವರ ನೇತೃತ್ವದ ಸಮಿತಿ ಸಿದ್ಧಪಡಿಸಿತು.

1949ರ ಮೇ ತಿಂಗಳಲ್ಲಿ ದೆಹಲಿಯಲ್ಲಿ ಸೇರಿದ ಸಂಸ್ಥಾನಗಳ ಪ್ರಧಾನಿಗಳ ಸಭೆ ದಿಕ್ಕನ್ನು ಬದಲಿಸಿತು. ಪ್ರತ್ಯೇಕ ರಾಜ್ಯಾಂಗಗಳು ಬೇಡ, ಅವುಗಳ ಅಂಶಗಳು ಭಾರತದ ಸಂವಿಧಾನದೊಳಗೇ ಸೇರಲಿ ಎಂದು ನಿರ್ಣಯವಾಯಿತು. ಮೈಸೂರಿನ ಸಭೆ ಇದನ್ನು ಒಪ್ಪಿ, ಭಾರತದ ಸಂವಿಧಾನವನ್ನೇ ಸ್ವೀಕರಿಸಬೇಕೆಂದು ಶಿಫಾರಸು ಮಾಡಿತು. 1949ರ ನವೆಂಬರ್ 25ರಂದು, ಎಂದರೆ ದೆಹಲಿಯಲ್ಲಿ ಸಂವಿಧಾನವು ಅಂಗೀಕಾರಗೊಳ್ಳುವ ಹಿಂದಿನ ದಿನ, ಮಹಾರಾಜರು ಅದನ್ನು ಮೈಸೂರಿನ ಸಂವಿಧಾನವೆಂದು ಘೋಷಿಸಿದರು.

ಹಾಗಾದರೆ ಸಂವಿಧಾನವನ್ನು ಮೈಸೂರಿನಲ್ಲಿ ಅಂಗೀಕರಿಸಿದವರು ಯಾರು, ಘೋಷಿಸಿದ ಅರಸರೋ ಶಿಫಾರಸು ಮಾಡಿದ ಸಭೆಯೋ? ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ 1778ರಲ್ಲಿ ಶಾಸಕಾಂಗವೇ ರಚಿಸಿದ ಕರಡನ್ನು ಊರೂರಿನ ಜನಸಭೆಗಳು ತಿರಸ್ಕರಿಸಿದವು. ಬಳಿಕ ಅದಕ್ಕೆಂದೇ ಆಯ್ಕೆಯಾದ ಸಮಾವೇಶವು ಸಿದ್ಧಪಡಿಸಿದ ಸಂವಿಧಾನವನ್ನು 1780ರಲ್ಲಿ ಜನರು ಸ್ವತಃ ಅನುಮೋದಿಸಿದರು. ನ್ಯೂಯಾರ್ಕ್ ರಾಜ್ಯದಲ್ಲಿ ಸಮಾವೇಶ ಕರೆಯಬೇಕೇ ಎಂದು 20 ವರ್ಷಕ್ಕೊಮ್ಮೆ ಮತದಾರರನ್ನೇ ಕೇಳುವ ನಿಯಮವಿದೆ; 2017ರಲ್ಲಿ ಅವರು ಬೇಡವೆಂದರು. ನಮ್ಮಲ್ಲಿ ಅಂಥ ಜನಮತಕ್ಕೆ ಎಡೆಯಿರಲಿಲ್ಲ. ಈ ಕೊರತೆಯನ್ನು ಮುಚ್ಚಿಡಬೇಕಾಗಿಲ್ಲ. ಆದರೂ ಘೋಷಣೆಯ ಮೊಹರನ್ನೇ ನೋಡಿ ಇದು ಅರಸರ ಕೊಡುಗೆಯೆಂದು ಬರೆಯುವವರನ್ನು ನಾನು ಒಪ್ಪಲಾರೆ. ಈಸೂರಿನ ನೇಣುಗಂಬವೂ ಮೈಸೂರು ಚಲೋದ ಸೆರೆಮನೆಗಳೂ ಇಲ್ಲದಿದ್ದರೆ ಆ ಸಭೆಯೇ ಇರುತ್ತಿರಲಿಲ್ಲ. ಸಭೆಯಿಲ್ಲದಿದ್ದರೆ ಘೋಷಣೆಗೆ ಜನರ ಸಮ್ಮತಿಯೆಂಬ ಬಲವಿರುತ್ತಿರಲಿಲ್ಲ. ಪತ್ರ ಅರಸರದು, ಅಧಿಕಾರ ಜನರದು.

1949ರ ಡಿಸೆಂಬರ್ 16ರಂದು ಪ್ರಜಾಪ್ರತಿನಿಧಿ ಸಭೆ, ನ್ಯಾಯವಿಧಾಯಕ ಸಭೆಗಳೆರಡೂ ವಿಸರ್ಜನೆಗೊಂಡವು. ರಾಜ್ಯಾಂಗ ರಚನಾ ಸಭೆಯೇ 1952ರ ಚುನಾವಣೆಯವರೆಗೆ ತಾತ್ಕಾಲಿಕ ವಿಧಾನಸಭೆಯಾಯಿತು. ಸಂವಿಧಾನದ ಮೂಲಪಾಠದ 238ನೆಯ ವಿಧಿಯಲ್ಲಿ ಮೈಸೂರಿನದೊಂದು ಗುರುತು ಉಳಿಯಿತು: ‘ಬಿ’ ಭಾಗದ ರಾಜ್ಯಗಳ ಪೈಕಿ ಮೈಸೂರಿಗೆ ಎರಡು ಸದನಗಳು, ಉಳಿದವಕ್ಕೆ ಒಂದೇ. 1956ರಲ್ಲಿ ಆ ವಿಧಿಯೇ ರದ್ದಾಯಿತು.

ಪ್ರತ್ಯೇಕ ರಾಜ್ಯಾಂಗವನ್ನು ಬಿಟ್ಟುಕೊಟ್ಟದ್ದು ಸೋಲೇ ಎಂದು ಸಂಶೋಧನ ವಿದ್ಯಾರ್ಥಿಯೊಬ್ಬರು ಕೇಳಿದ್ದರು. ಸೊರಬದ ನೆಲದಲ್ಲಿ ನಿಂತು ನೋಡಿದರೆ ನನಗೆ ಹಾಗೆನಿಸುವುದಿಲ್ಲ. ಕದಂಬರ ವಂಶಚರಿತೆಯನ್ನು ಹೇಳುವ ಸ್ತಂಭಶಾಸನ ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿದೆ, ಎಂದರೆ ಅಂದಿನ ಮೈಸೂರಿನಲ್ಲಿ. ಆ ಕದಂಬರ ರಾಜಧಾನಿ ಬನವಾಸಿ ಸೊರಬಕ್ಕೆ ನೆರೆಯೂರಾದರೂ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಮೈಸೂರು ತನ್ನದೇ ರಾಜ್ಯಾಂಗದೊಳಗೆ ನೆಲೆಯೂರಿದ್ದರೆ, ಏಕೀಕರಣದ ಹೊತ್ತಿಗೆ ಮುಂಬಯಿ, ಹೈದರಾಬಾದು, ಮದರಾಸು, ಕೊಡಗುಗಳ ಕನ್ನಡಿಗರು ತಾವು ರಚಿಸದ ರಾಜ್ಯಾಂಗವೊಂದಕ್ಕೆ ಅಧೀನರಾಗಬೇಕಿತ್ತು. ಇಲ್ಲವೇ ಅದನ್ನು ಮೊದಲಿನಿಂದ ಬರೆಯಬೇಕಿತ್ತು. 1956ರ ನವೆಂಬರ್ 1ರಂದು ಸೊರಬವೂ ಬನವಾಸಿಯೂ ಒಂದೇ ರಾಜ್ಯಕ್ಕೆ ಸೇರಿದಾಗ ಎರಡೂ ಊರಿನವರು ಆಗಲೇ ಆರು ವರ್ಷಗಳಿಂದ ಒಂದೇ ಸಂವಿಧಾನದ ಪ್ರಜೆಗಳಾಗಿದ್ದರು.