ಮಳೆಯಲ್ಲಿ ಫೋಟೋ ತೆಗೆಯುವಾಗ ಕ್ಯಾಮೆರಾ ಕಾಪಾಡುವುದು ಹೇಗೆ? ಕೋಲ್ಕತ್ತಾದ ಬಿಬಿಡಿ ಬಾಗ್‌ಗೆ ಹೋಗುವವರು ತಿಳಿಯಬೇಕಾದ ಸಂಗತಿಗಳು

ಕೋಲ್ಕತ್ತಾ: ಜೂನ್ ಎರಡನೇ ವಾರದ ಹೊತ್ತಿಗೆ ಕೋಲ್ಕತ್ತಾಕ್ಕೆ ಮುಂಗಾರು ಕಾಲಿಡುತ್ತದೆ. ಛಾಯಾಗ್ರಾಹಕರಿಗೆ ನಗರದ ಹಳೆಯ ಕಚೇರಿ ಪ್ರದೇಶ ಬಿಬಿಡಿ ಬಾಗ್ ಚೆನ್ನಾಗಿ ಕಾಣುವುದು ಆಗಲೇ. ಲಾಲ್ ದಿಘಿ ಕೆರೆ, ಅದರ ಎದುರಿಗೆ ಕೆಂಪು ಬಣ್ಣದ ರೈಟರ್ಸ್ ಬಿಲ್ಡಿಂಗ್, 1868ರಲ್ಲಿ ಪೂರ್ಣಗೊಂಡ ಜಿಪಿಒದ ಬಿಳಿ ಗುಮ್ಮಟದ ಹಿಂದೆ ಕಪ್ಪು ಮೋಡ, ಒದ್ದೆ ರಸ್ತೆಯಲ್ಲಿ ಹಳದಿ ಟ್ಯಾಕ್ಸಿಯ ಪ್ರತಿಬಿಂಬ. ಬಿಸಿಲಲ್ಲಿ ಇದೇ ಜಾಗ ಸಪ್ಪೆ ಎನಿಸುತ್ತದೆ.

ಈ ಚಿತ್ರಕ್ಕಾಗಿ ಅವಸರ ಪಡಲು ಕಾರಣವೂ ಇದೆ. ಹಳದಿ ಅಂಬಾಸಿಡರ್ ಟ್ಯಾಕ್ಸಿಗಳ ತಯಾರಿಕೆ 2014ರಲ್ಲೇ ನಿಂತಿತು. 15 ವರ್ಷ ದಾಟಿದ ವಾಣಿಜ್ಯ ವಾಹನಗಳನ್ನು ನಗರದಿಂದ ಹೊರಗಿಡುವ ನಿಯಮ ಹಳೆಯ ಟ್ಯಾಕ್ಸಿಗಳಿಗೆ ಮುಳುವಾಯಿತು. ಹಾಗಾಗಿ ಮಳೆಯಲ್ಲಿ ನೆನೆಯುತ್ತಾ ನಿಂತ ಅಂಬಾಸಿಡರ್ ಇನ್ನು ಕೆಲವೇ ಮಳೆಗಾಲಗಳ ನೋಟ.

ಆದರೆ ಬೆಂಗಳೂರಿನಿಂದ ಲಕ್ಷ ರೂಪಾಯಿಯ ಕ್ಯಾಮೆರಾ ಹೊತ್ತು ಬಂದವರು ಮಳೆ ಹನಿಗೆ ಹೆದರಿದಷ್ಟು ಇಲ್ಲಿನ ಗಾಳಿಗೆ ಹೆದರುವುದಿಲ್ಲ. ಎಡವುವುದು ಅಲ್ಲೇ. ಹನಿಯನ್ನು ತಡೆಯಲು ಒಂದು ಪ್ಲಾಸ್ಟಿಕ್ ಕವರ್ ಸಾಕು. ಗಾಳಿಯಲ್ಲಿರುವ ನೀರಿನ ಆವಿಗೆ ಆ ಕವರ್ ಲೆಕ್ಕಕ್ಕೇ ಇಲ್ಲ. ಲೆನ್ಸ್ ಒಳಗೆ ಮಂಜು ಕಟ್ಟುವುದು, ತಿಂಗಳುಗಳ ನಂತರ ಫಂಗಸ್ ಕಾಣಿಸಿಕೊಳ್ಳುವುದು, ಎರಡೂ ಈ ಆವಿಯ ಕೆಲಸ.

ಡಾಲ್‌ಹೌಸಿಯಿಂದ ಬಿಬಿಡಿ ಬಾಗ್

ಈ ಚೌಕದ ಹಳೆಯ ಹೆಸರು ಡಾಲ್‌ಹೌಸಿ ಸ್ಕ್ವೇರ್. 1930ರ ಡಿಸೆಂಬರ್ 8ರಂದು ಬಿನಯ್ ಬಸು, ಬಾದಲ್ ಗುಪ್ತ, ದಿನೇಶ್ ಗುಪ್ತ ಎಂಬ ಮೂವರು ಕ್ರಾಂತಿಕಾರಿ ಯುವಕರು ರೈಟರ್ಸ್ ಬಿಲ್ಡಿಂಗ್‌ಗೆ ನುಗ್ಗಿ ಕಾರಾಗೃಹಗಳ ಮಹಾನಿರೀಕ್ಷಕ ಸಿಂಪ್ಸನ್‌ನನ್ನು ಗುಂಡಿಟ್ಟು ಕೊಂದರು. ಸ್ವಾತಂತ್ರ್ಯಾನಂತರ ಚೌಕಕ್ಕೆ ಆ ಮೂವರ ಹೆಸರಿಡಲಾಯಿತು; ಬಿಬಿಡಿ ಎಂಬುದು ಅದರ ಹ್ರಸ್ವರೂಪ. ರೈಟರ್ಸ್ ಬಿಲ್ಡಿಂಗ್‌ಗೆ ಬಂಗಾಳಿಯಲ್ಲಿ ಮಹಾಕರಣ ಎನ್ನುತ್ತಾರೆ. 2024ರ ಮಾರ್ಚ್‌ನಲ್ಲಿ ಇಲ್ಲಿ ಆರಂಭವಾದ ಸುರಂಗ ಮೆಟ್ರೋ ನಿಲ್ದಾಣದ ಹೆಸರೂ ಅದೇ.

ಹೌರಾ ಕಡೆಯಿಂದ ಬರುವವರು ಈಗ ಹೂಗ್ಲಿ ನದಿಯ ಅಡಿಯಿಂದ ಎಸಿ ರೈಲಿನಲ್ಲಿ ಬಂದು, ಮೆಟ್ಟಿಲು ಹತ್ತಿ ನೇರವಾಗಿ ಚೌಕಕ್ಕೆ ಕಾಲಿಡಬಹುದು. ಪ್ರಯಾಣಿಕರಿಗೆ ಇದು ಅನುಕೂಲ, ಕ್ಯಾಮೆರಾಗೆ ಸ್ವಲ್ಪ ಕಷ್ಟ.

ಲೆನ್ಸ್ ಮೇಲೆ ಮಂಜು ಕಟ್ಟುವುದೇಕೆ?

ಮಳೆಗಾಲದಲ್ಲಿ ಕೋಲ್ಕತ್ತಾದ ಗಾಳಿಯ ತೇವಾಂಶ ಸಾಮಾನ್ಯವಾಗಿ ಶೇ 80ರ ಆಸುಪಾಸಿನಲ್ಲಿರುತ್ತದೆ. ಉಷ್ಣಾಂಶ 32 ಡಿಗ್ರಿ, ತೇವಾಂಶ ಶೇ 80 ಇದ್ದರೆ ಇಬ್ಬನಿ ಬಿಂದು ಸುಮಾರು 28 ಡಿಗ್ರಿ. ಅಂದರೆ 28 ಡಿಗ್ರಿಗಿಂತ ತಂಪಾಗಿರುವ ಯಾವುದೇ ವಸ್ತುವನ್ನು ಆ ಗಾಳಿಗೆ ಒಡ್ಡಿದರೂ ಅದರ ಮೇಲೆ ನೀರು ಕಟ್ಟುತ್ತದೆ. ಫ್ರಿಜ್‌ನಿಂದ ತೆಗೆದ ನೀರಿನ ಬಾಟಲಿ ಬೆವರುವುದು ಹೀಗೆಯೇ. ರಾತ್ರಿಯಿಡೀ 23 ಡಿಗ್ರಿ ಎಸಿ ಕೋಣೆಯಲ್ಲಿದ್ದ ಕ್ಯಾಮೆರಾ ಬೆಳಿಗ್ಗೆ ರಸ್ತೆಗೆ ಬಂದಾಗ ಅದೂ ಅಂಥದ್ದೇ ಒಂದು ಬಾಟಲಿ.

ಹೊರಗಿನ ಗಾಜಿನ ಮೇಲೆ ಕಟ್ಟಿದ ಮಂಜನ್ನು ಒರೆಸಬಹುದು. ಜೂಮ್ ಲೆನ್ಸ್ ಹಿಂದೆ ಮುಂದೆ ಸರಿಯುವಾಗ ಹೊರಗಿನ ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತದೆ. ಆ ಗಾಳಿಯ ತೇವ ಒಳಗಿನ ತಂಪು ಗಾಜಿನ ಮೇಲೆ ಕುಳಿತರೆ ಒರೆಸಲು ದಾರಿಯಿಲ್ಲ. ಮಂಜು ಕಟ್ಟಿದ ಲೆನ್ಸನ್ನು ಪದೇ ಪದೇ ಜೂಮ್ ಮಾಡಿ ಪರೀಕ್ಷಿಸುವುದು, ದೇಹದಿಂದ ಕಳಚಿ ನೋಡುವುದು ಇನ್ನೂ ಕೆಟ್ಟದ್ದು.

ಇಲ್ಲೊಂದು ಗೊಂದಲವಿದೆ. ಚಳಿ ದೇಶಗಳಲ್ಲಿ ಬರೆದ ಕೈಪಿಡಿಗಳು ಹೊರಗಿನಿಂದ ಮನೆಯೊಳಗೆ ಬರುವಾಗ ಎಚ್ಚರ ಎನ್ನುತ್ತವೆ. ಅಲ್ಲಿ ಹೊರಗೆ ಹಿಮ, ಒಳಗೆ ಬೆಚ್ಚಗೆ. ನಮ್ಮಲ್ಲಿ ಅದು ತಿರುವುಮುರುವು: ಎಚ್ಚರ ಬೇಕಿರುವುದು ಎಸಿ ಕೋಣೆಯಿಂದ ಹೊರಗೆ ಹೋಗುವಾಗ. ಆ ಸಲಹೆಯನ್ನು ಹಾಗೆಯೇ ಅನುವಾದಿಸಿ ಹಂಚುವ ವಿಡಿಯೊಗಳನ್ನು ನಂಬಿದರೆ ತಪ್ಪು ಹೊತ್ತಿನಲ್ಲಿ ಕಾಳಜಿ ಮಾಡಿದಂತಾಗುತ್ತದೆ.

ಪರಿಹಾರಕ್ಕೆ ದುಡ್ಡು ಬೇಕಿಲ್ಲ, ತಾಳ್ಮೆ ಬೇಕು. ಹೋಟೆಲ್ ಕೋಣೆಯಲ್ಲೇ ಕ್ಯಾಮೆರಾವನ್ನು ದೊಡ್ಡ ಜಿಪ್ ಲಾಕ್ ಕವರ್‌ಗೆ ಹಾಕಿ ಮುಚ್ಚಬೇಕು. ಹೊರಗೆ ಬಂದ ಮೇಲೆ ಅರ್ಧ ಗಂಟೆಯಾದರೂ ತೆರೆಯಬಾರದು. ದೊಡ್ಡ ಟೆಲಿ ಲೆನ್ಸ್ ಆದರೆ ಮುಕ್ಕಾಲು ಗಂಟೆ. ನೀರೇನಿದ್ದರೂ ಕವರ್‌ನ ಹೊರಮೈ ಮೇಲೆ ಕಟ್ಟುತ್ತದೆ. ಅಷ್ಟರಲ್ಲಿ ಕ್ಯಾಮೆರಾ ಹೊರಗಿನ ಬಿಸಿಗೆ ಬಂದಿರುತ್ತದೆ. ಹತ್ತು ನಿಮಿಷದ ಮೆಟ್ರೋ ಪ್ರಯಾಣದಲ್ಲಿ ಬ್ಯಾಗಿನೊಳಗಿನ ಕ್ಯಾಮೆರಾ ಅಷ್ಟೇನೂ ತಣ್ಣಗಾಗದು. ವಿಮಾನ ನಿಲ್ದಾಣದಿಂದ ಒಂದು ಗಂಟೆ ಎಸಿ ಕಾರಿನಲ್ಲಿ ಬಂದಿದ್ದರೆ ಮಾತ್ರ ಬ್ಯಾಗ್ ಮುಚ್ಚಿಟ್ಟುಕೊಂಡು ಮೊದಲು ಡೇಕರ್ಸ್ ಲೇನ್‌ನಲ್ಲಿ ಒಂದು ಚಹಾ ಕುಡಿಯುವುದು ಒಳ್ಳೆಯದು.

‘ವೆದರ್ ಸೀಲ್ಡ್’ ಎಂದರೆ ನೀರು ಹೋಗುವುದಿಲ್ಲ ಎಂದಲ್ಲ

ಕ್ಯಾಮೆರಾ ಜಾಹೀರಾತುಗಳಲ್ಲಿ ಕಾಣುವ ವೆದರ್ ಸೀಲ್ಡ್ ಎಂಬ ಮಾತಿಗೆ ನಿಗದಿತ ಅಳತೆಯಿಲ್ಲ. ಬಟನ್, ಮೆಮೊರಿ ಕಾರ್ಡ್ ಬಾಗಿಲು, ಲೆನ್ಸ್ ಕೂರುವ ಜಾಗದ ಸುತ್ತ ರಬ್ಬರ್ ಪಟ್ಟಿ ಇದೆ ಎಂದಷ್ಟೇ ಅರ್ಥ. ಅಳತೆ ಇರುವುದು ಐಪಿ ರೇಟಿಂಗ್‌ಗೆ. ಐಪಿಎಕ್ಸ್7 ಎಂದರೆ 1 ಮೀಟರ್ ಆಳದ ನೀರಿನಲ್ಲಿ 30 ನಿಮಿಷ ತಾಳಬೇಕು. ಬಹುತೇಕ ಡಿಎಸ್‌ಎಲ್‌ಆರ್ ಮತ್ತು ಮಿರರ್‌ಲೆಸ್ ಕ್ಯಾಮೆರಾಗಳಿಗೆ ಯಾವ ಐಪಿ ರೇಟಿಂಗೂ ಇಲ್ಲ. ರೇಟಿಂಗ್ ಪಡೆದ ಓಎಂ ಸಿಸ್ಟಂನ ಓಎಂ-1ರಂಥ ಕೆಲವೇ ಮಾದರಿಗಳು ಕೂಡ ಐಪಿ53 ಮಟ್ಟದವು. ಅದು ಸಿಂಪಡಿಕೆಯಂಥ ಮಳೆಗೆ ಸಾಕು, ಮುಳುಗಿಸಲು ಅಲ್ಲ.

ಇನ್ನೊಂದು ಮಾತು. ಸೀಲ್ ಇರುವ ಕ್ಯಾಮೆರಾಗೆ ಸೀಲ್ ಇಲ್ಲದ ಲೆನ್ಸ್ ಹಾಕಿದರೆ ರಕ್ಷಣೆ ಅಲ್ಲೇ ಮುಗಿಯಿತು. ಕ್ಯಾಮೆರಾ ಜತೆ ಬರುವ ಕಿಟ್ ಲೆನ್ಸ್‌ಗಳಲ್ಲಿ ಹೆಚ್ಚಿನವಕ್ಕೆ ಹಿಂಬದಿಯ ರಬ್ಬರ್ ಪಟ್ಟಿ ಇರುವುದಿಲ್ಲ. ಲೆನ್ಸ್ ಕಳಚಿ ಹಿಂಬದಿಯ ಲೋಹದ ಅಂಚನ್ನು ನೋಡಿದರೆ ಗೊತ್ತಾಗುತ್ತದೆ.

ಫೋನ್‌ಗಳ ಕಥೆಯೂ ಇದೇ. ಐಪಿ68 ಎಂದು ಬರೆದಿದ್ದರೂ ಅದು ಪ್ರಯೋಗಾಲಯದ ಶುದ್ಧ ನೀರಿನ ಲೆಕ್ಕ. ಫೋನ್ ಬಿದ್ದು, ಹಳೆಯದಾಗಿ, ರಿಪೇರಿಯಾಗಿ ಸೀಲ್ ಸಡಿಲವಾಗುತ್ತದೆ. ನೀರಿನಿಂದಾದ ಹಾನಿಯನ್ನು ಆಪಲ್ ಸೇರಿದಂತೆ ಹಲವು ಕಂಪನಿಗಳು ವಾರಂಟಿಯಿಂದ ಹೊರಗಿಟ್ಟಿವೆ.

ಕವರ್ ಹಾಕುವ ವಿಧಾನ

ಕ್ಯಾಮೆರಾಗಳಿಗೆಂದೇ ರೇನ್ ಕವರ್ ಸಿಗುತ್ತದೆ. ಇಲ್ಲದಿದ್ದರೆ ದಪ್ಪನೆಯ ಪಾರದರ್ಶಕ ಪ್ಲಾಸ್ಟಿಕ್ ಕವರ್‌ನ ತಳದಲ್ಲಿ ಲೆನ್ಸ್ ಹುಡ್‌ಗಿಂತ ಸ್ವಲ್ಪ ಚಿಕ್ಕದಾದ ತೂತು ಮಾಡಿ, ಹುಡ್ ಸುತ್ತ ರಬ್ಬರ್ ಬ್ಯಾಂಡ್ ಬಿಗಿದರೆ ಕೆಲಸ ಆಗುತ್ತದೆ. ವ್ಯೂಫೈಂಡರ್ ಬಳಿಯೂ ಸಣ್ಣ ತೂತು ಮಾಡಿ, ಕಣ್ಣಿಡುವ ರಬ್ಬರನ್ನು ಕಳಚಿ ಪ್ಲಾಸ್ಟಿಕ್ ಮೇಲಿಂದ ಮತ್ತೆ ಕೂರಿಸಬೇಕು. 120 ಮೈಕ್ರಾನ್‌ಗಿಂತ ತೆಳುವಾದ ಕೈಚೀಲಗಳಿಗೆ ದೇಶದಲ್ಲಿ ನಿಷೇಧವಿದೆ. ಅಷ್ಟು ತೆಳುವಾದದ್ದು ಈ ಕೆಲಸಕ್ಕೂ ಬಾರದು, ಗಾಳಿಗೆ ಹಾರಿ ಲೆನ್ಸ್‌ಗೆ ಅಡ್ಡ ಬರುತ್ತದೆ.

ಕೆಳಭಾಗವನ್ನು ಮಾತ್ರ ಬಿಗಿಯಾಗಿ ಕಟ್ಟಬಾರದು. ಕೈ ಒಳಗೆ ಹೋಗಲಿಕ್ಕಷ್ಟೇ ಅಲ್ಲ, ಗಾಳಿ ಆಡಲಿಕ್ಕೂ ಅದು ತೆರೆದಿರಬೇಕು. ಪೂರ್ತಿ ಮುಚ್ಚಿದ ಕವರ್‌ನಲ್ಲಿ ಕೈಯ ಬೆವರು, ಕ್ಯಾಮೆರಾದ ಬಿಸಿ ಸೇರಿ ಒಳಗೇ ಹಬೆ ತುಂಬುತ್ತದೆ.

ಲೆನ್ಸ್ ಹುಡ್ ಮಳೆಯಲ್ಲಿ ಬಿಸಿಲಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಕ್ಯಾಮೆರಾ ಬಳಸದಾಗ ಲೆನ್ಸ್ ನೆಲದ ಕಡೆ ನೋಡುವಂತೆ ನೇತುಹಾಕಿಕೊಳ್ಳಬೇಕು. ಒಣ ಮೈಕ್ರೋಫೈಬರ್ ಬಟ್ಟೆ ಮೂರು ನಾಲ್ಕಾದರೂ ಇರಲಿ. ಒಂದು ಒದ್ದೆಯಾದರೆ ಮತ್ತೆ ಅದರಿಂದ ಒರೆಸುವುದು ಕೊಳೆ ಹಚ್ಚಿದಂತೆ. ರಸ್ತೆಯಲ್ಲಿ ಲೆನ್ಸ್ ಬದಲಿಸುವ ಯೋಚನೆ ಬೇಡ. ಬಿಬಿಡಿ ಬಾಗ್‌ನಲ್ಲಿ ಕಟ್ಟಡಗಳೂ ಜನರೂ ಒಂದೇ ಚೌಕಟ್ಟಿಗೆ ಬರುವುದರಿಂದ 24ರಿಂದ 70 ಅಥವಾ 105 ಮಿ.ಮೀ. ಜೂಮ್ ಒಂದೇ ಸಾಕಾಗುತ್ತದೆ. ಬದಲಿಸಲೇಬೇಕಾದರೆ ಜಿಪಿಒದ ಎತ್ತರದ ಕಂಬಗಳ ಹಿಂದಿನಂಥ ಒಣ ಜಾಗ ಹುಡುಕಬೇಕು. ಸುತ್ತ ರಿಸರ್ವ್ ಬ್ಯಾಂಕ್ ಸೇರಿದಂತೆ ಭದ್ರತೆಯಿರುವ ಕಚೇರಿಗಳಿವೆ. ಟ್ರೈಪಾಡ್ ಬಿಡಿಸುವ ಮುನ್ನ ಪಹರೆಯವರನ್ನು ಕೇಳುವುದು ಒಳಿತು.

ಒದ್ದೆಯಾದ ಹೊರ ಫ್ಲಾಶ್ ಬಳಸಬಾರದು. ಅದರೊಳಗಿನ ಕೆಪಾಸಿಟರ್‌ನಲ್ಲಿ ಸುಮಾರು 300 ವೋಲ್ಟ್ ಇರುತ್ತದೆ.

ನೀರು ನಿಂತ ರಸ್ತೆಗೆ ಇಳಿಯಬೇಡಿ

ಮಾರ್ಚ್‌ನಿಂದ ಮೇ ತಿಂಗಳವರೆಗೆ ಇಲ್ಲಿ ಕಾಲಬೈಶಾಖಿ ಎಂಬ ಬಿರುಗಾಳಿ ಮಳೆ ಬರುತ್ತದೆ. ಹೆಚ್ಚಾಗಿ ಮಧ್ಯಾಹ್ನ ಕಳೆದ ಮೇಲೆ, ಕೆಲವೇ ನಿಮಿಷಗಳ ಸೂಚನೆ ಕೊಟ್ಟು ಅಪ್ಪಳಿಸುತ್ತದೆ. ಛತ್ರಿಯನ್ನು ನಂಬಿ ಟ್ರೈಪಾಡ್ ನಿಲ್ಲಿಸಿದವರು ಎರಡನ್ನೂ ಕಳೆದುಕೊಳ್ಳಬಹುದು. ಮುಂಗಾರು ಮಳೆಯ ಅಪಾಯ ಬೇರೆ ಬಗೆಯದು. 2025ರ ಸೆಪ್ಟೆಂಬರ್ 22ರ ರಾತ್ರಿಯಿಂದ 23ರ ಬೆಳಗಿನವರೆಗೆ ಸುರಿದ ಮಳೆಯಲ್ಲಿ ಕೋಲ್ಕತ್ತಾದಲ್ಲಿ 24 ಗಂಟೆಗಳಲ್ಲಿ 250 ಮಿ.ಮೀ.ಗೂ ಹೆಚ್ಚು ದಾಖಲಾಯಿತು. ಆಗ ಸತ್ತವರಲ್ಲಿ ಹೆಚ್ಚಿನವರು ನಿಂತ ನೀರಿನಲ್ಲಿ ಹರಿದ ವಿದ್ಯುತ್‌ಗೆ ಬಲಿಯಾದವರು. ಮೊಣಕಾಲುದ್ದ ನೀರಿನಲ್ಲಿ ನಿಂತು ಪ್ರತಿಬಿಂಬದ ಚಿತ್ರ ತೆಗೆಯುವ ಆಸೆ ಸಹಜ. ದೀಪದ ಕಂಬ, ವಿದ್ಯುತ್ ಪೆಟ್ಟಿಗೆ, ಅಂಗಡಿ ಶಟರ್‌ಗಳ ಹತ್ತಿರ ನೀರು ನಿಂತಿದ್ದರೆ ಆ ಚಿತ್ರ ಬೇಡ.

ಕ್ಯಾಮೆರಾ ನೆನೆದರೆ ಮೊದಲು ಮಾಡಬೇಕಾದ್ದು

ಆಫ್ ಮಾಡಿ ಬ್ಯಾಟರಿ ತೆಗೆಯುವುದು. ಕೆಲಸ ಮಾಡುತ್ತಿದೆಯೇ ಎಂದು ಆನ್ ಮಾಡಿ ನೋಡುವ ಚಪಲವೇ ಎಷ್ಟೋ ಕ್ಯಾಮೆರಾಗಳನ್ನು ಕೊಂದಿದೆ. ನೀರಿಗಿಂತ ನೀರಿನೊಳಗೆ ಹರಿದ ಕರೆಂಟ್ ಸರ್ಕೀಟನ್ನು ಹಾಳು ಮಾಡುತ್ತದೆ. ನಂತರ ಕಾರ್ಡ್ ತೆಗೆದು, ಎಲ್ಲ ಬಾಗಿಲು ತೆರೆದು, ಒರೆಸಿ, ಫ್ಯಾನ್ ಗಾಳಿಗೆ ಇಡಬೇಕು. ಹೇರ್ ಡ್ರೈಯರ್ ಬೇಡ. ಅದರ ಬಿಸಿಗೆ ಅಂಟು ಸಡಿಲವಾಗುತ್ತದೆ, ಅದರ ಗಾಳಿ ನೀರನ್ನು ಇನ್ನಷ್ಟು ಒಳಕ್ಕೆ ತಳ್ಳುತ್ತದೆ. ಆಮೇಲೆ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜತೆ ಎರಡು ಮೂರು ದಿನ ಇಟ್ಟು ನೋಡಬಹುದು.

ಅಕ್ಕಿ ಡಬ್ಬಿಯ ಉಪಾಯ ನಮ್ಮ ಮನೆಗಳಲ್ಲಿ ಇನ್ನೂ ಚಾಲ್ತಿಯಲ್ಲಿದೆ. ಅಕ್ಕಿ ತೇವ ಹೀರುವುದು ತೀರಾ ಕಡಿಮೆ, ಅದರ ಹುಡಿ ಸಂದಿಗಳಿಗೆ ಸೇರುವುದು ಮಾತ್ರ ಖಚಿತ. ಒದ್ದೆ ಐಫೋನನ್ನು ಅಕ್ಕಿಯಲ್ಲಿ ಇಡಬೇಡಿ ಎಂದು ಆಪಲ್ ತನ್ನ ಸೂಚನೆಯಲ್ಲೇ ಹೇಳಿದೆ. ರಸ್ತೆಯ ಕೊಳಚೆ ನೀರಿಗೆ ಬಿದ್ದ ಕ್ಯಾಮೆರಾ ಒಣಗುವವರೆಗೆ ಕಾಯುವುದೂ ತಪ್ಪು. ಆ ನೀರಿನಲ್ಲಿರುವ ಲವಣ, ಕೊಳೆ ಒಣಗಿ ಲೋಹವನ್ನು ತಿನ್ನುತ್ತವೆ. ಅದನ್ನು ಬೇಗ ಸರ್ವೀಸ್ ಸೆಂಟರ್‌ಗೆ ತಲುಪಿಸಬೇಕು.

ಮಳೆಯಲ್ಲಿ ಸುತ್ತಿ ಬಂದ ರಾತ್ರಿ ಎಸಿ ಕೋಣೆ ಕ್ಯಾಮೆರಾಗೆ ಒಳ್ಳೆಯದೇ. ಅಲ್ಲಿನ ಗಾಳಿ ಹೊರಗಿಗಿಂತ ಒಣ. ಮೊದಲು ಒರೆಸಿ, ಒದ್ದೆ ಬ್ಯಾಗಿನಿಂದ ಹೊರತೆಗೆದು ಮೇಜಿನ ಮೇಲೆ ಬಿಚ್ಚಿಡಬೇಕು. ಬೆಳಿಗ್ಗೆ ಮತ್ತೆ ಜಿಪ್ ಲಾಕ್ ಕವರ್.

ಊರಿಗೆ ಮರಳಿದ ಮೇಲೂ ಫಂಗಸ್ ಭಯ

ಫಂಗಸ್ ಬೀಜಾಣುಗಳು ಎಲ್ಲೆಡೆ ಇರುತ್ತವೆ. ತೇವಾಂಶ ಶೇ 60–65 ದಾಟಿ, ಕತ್ತಲೆ, ಗಾಳಿಯಾಡದ ಜಾಗ ಸಿಕ್ಕರೆ ಲೆನ್ಸ್ ಒಳಗೆ ಜೇಡರ ಬಲೆಯಂತೆ ಎಳೆ ಬಿಡುತ್ತವೆ. ಒದ್ದೆಯಾದ ಕ್ಯಾಮೆರಾ ಬ್ಯಾಗ್ ಅದಕ್ಕೆ ಹೇಳಿ ಮಾಡಿಸಿದ ಮನೆ. ಚಿಕ್ಕ ಎಳೆಗಳನ್ನು ಸ್ವಚ್ಛ ಮಾಡಬಹುದು. ಹಾಗೇ ಬಿಟ್ಟರೆ ಗಾಜಿನ ಲೇಪನವನ್ನೇ ತಿಂದು ಅಳಿಸಲಾಗದ ಕಲೆ ಉಳಿಸುತ್ತವೆ. ಕರಾವಳಿ, ಮಲೆನಾಡಿನವರಿಗೆ ಬೂಷ್ಟಿನ ಕಾಟ ಹೊಸತಲ್ಲ. ಅಲ್ಲಿನ ಹಳೆಯ ಮನೆಗಳಲ್ಲಿ ಒಲೆಯ ಮೇಲಿನ ಅಟ್ಟವೇ ಡ್ರೈ ಕ್ಯಾಬಿನೆಟ್. ಹೊಗೆಯ ಜಿಡ್ಡು ಹಿಡಿಯುವುದರಿಂದ ಲೆನ್ಸ್‌ಗೆ ಅದು ಆಗದಷ್ಟೇ.

ಕ್ಯಾಮೆರಾಗೆ ಶೇ 40ರಿಂದ 50ರ ತೇವಾಂಶ ಸೂಕ್ತ. ವಿದ್ಯುತ್ ಡ್ರೈ ಕ್ಯಾಬಿನೆಟ್ ಕೊಳ್ಳಲಾಗದವರು ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ, ಸಿಲಿಕಾ ಜೆಲ್ ಮತ್ತು ತೇವಾಂಶ ತೋರಿಸುವ ಸಣ್ಣ ಮೀಟರ್ ಇಟ್ಟುಕೊಂಡರೆ ಸಾಕು. ನೀಲಿ ಜೆಲ್ ಗುಲಾಬಿಗೆ ತಿರುಗಿದರೆ ಅದು ತುಂಬಿದೆ ಎಂದರ್ಥ. ನೀಲಿಯಲ್ಲಿ ವಿಷಕಾರಿ ಕೋಬಾಲ್ಟ್ ಲವಣ ಇರುವುದರಿಂದ ಅಡುಗೆ ಪಾತ್ರೆಯಲ್ಲಿ ಬಿಸಿ ಮಾಡಬಾರದು. ಕಿತ್ತಳೆ ಬಣ್ಣದ್ದು ಸಿಕ್ಕರೆ ಅದನ್ನೇ ಕೊಳ್ಳುವುದು ವಾಸಿ.

ಬಿಬಿಡಿ ಬಾಗ್‌ನಿಂದ ನಡೆದು ಹೋಗುವ ದೂರದಲ್ಲಿ, ಎಸ್‌ಪ್ಲನೇಡ್‌ನ ಮೆಟ್ರೋ ಸಿನಿಮಾ ಬಳಿ ಮೆಟ್ರೋ ಗಲ್ಲಿ ಇದೆ. ಕ್ಯಾಮೆರಾ ಮಾರಾಟ, ರಿಪೇರಿಗೆ ಹೆಸರಾದ ಜಾಗ. ಅಲ್ಲಿ ಹಳೆಯ ಲೆನ್ಸ್ ಕೊಳ್ಳುವವರು ಮೊಬೈಲ್ ಟಾರ್ಚನ್ನು ಲೆನ್ಸ್‌ನ ಹಿಂಬದಿಯಿಂದ ಓರೆಯಾಗಿ ಹಾಯಿಸಿ, ಮುಂದಿನಿಂದ ನೋಡಬೇಕು. ಬರಿಗಣ್ಣಿಗೆ ಶುಭ್ರವಾಗಿ ಕಂಡ ಗಾಜಿನ ಅಂಚಿನಲ್ಲಿ ಬೂದು ಎಳೆಗಳಿದ್ದರೆ ಆಗ ಕಾಣುತ್ತವೆ.