ಸೊಳ್ಳೆಯ ಬೆನ್ನು ಹತ್ತಿದ ಟ್ಯಾಬ್: ಮಂಗಳೂರಿನ ಮಲೇರಿಯಾ ಪ್ರಯೋಗ ಏನು ಹೇಳುತ್ತೆ?

ಮಳೆ ಶುರುವಾದ್ರೆ ಸಾಕು, ಡೆಂಗ್ಯೂ, ಮಲೇರಿಯಾ ಸುದ್ದಿ ಬರುತ್ತೆ. ಹಿಂದೆಯೇ ಹೊಸ ಆ್ಯಪ್, ಹೊಸ ಡ್ಯಾಶ್‌ಬೋರ್ಡ್‌ಗಳ ಘೋಷಣೆಯೂ ಬರುತ್ತೆ. ಇವುಗಳಿಂದ ನಿಜಕ್ಕೂ ರೋಗ ತಗ್ಗುತ್ತಾ? ಉತ್ತರಕ್ಕೆ ದೂರ ಹೋಗಬೇಕಿಲ್ಲ, ಮಂಗಳೂರನ್ನು ನೋಡಿದರೆ ಸಾಕು.

ಮಂಗಳೂರಿಗೇ ಯಾಕೆ ಮಲೇರಿಯಾ ಕಾಟ?

1990ರ ದಶಕದಿಂದ ಇಲ್ಲಿ ಕಟ್ಟಡ ಕಾಮಗಾರಿ ಏರಿದಂತೆ ಮಲೇರಿಯಾವೂ ಏರಿತು. ಇದನ್ನು ಹರಡುವ ಅನಾಫಿಲಿಸ್ ಸ್ಟೀಫೆನ್ಸಿ ಪಕ್ಕಾ ನಗರದ ಸೊಳ್ಳೆ. ಬಾವಿ, ತಾರಸಿಯ ಟ್ಯಾಂಕ್, ಕಾಂಕ್ರೀಟ್ ಕ್ಯೂರಿಂಗ್‌ಗೆ ನಿಲ್ಲಿಸಿದ ನೀರು, ಎಲ್ಲದರಲ್ಲೂ ಮೊಟ್ಟೆ ಇಡುತ್ತೆ.

ಇಲ್ಲಿ ಹೆಚ್ಚಾಗಿ ಕಾಣುವುದು ವೈವಾಕ್ಸ್ ಮಲೇರಿಯಾ. ಇದರ ರೋಗಾಣು ಯಕೃತ್ತಿನಲ್ಲಿ ಅಡಗಿದ್ದು, ತಿಂಗಳುಗಳ ನಂತರ ಮತ್ತೆ ಜ್ವರ ತರಬಲ್ಲದು. ಹಾಗಾಗಿ ವೈದ್ಯರು ಪ್ರೈಮಾಕ್ವಿನ್ ಮಾತ್ರೆಯನ್ನು 14 ದಿನಕ್ಕೆ ಬರೆದುಕೊಡುತ್ತಾರೆ. ಆದರೆ ಜ್ವರ ಬಿಟ್ಟ ಕೂಡಲೇ ಮಾತ್ರೆ ಮರೆತುಹೋಗುತ್ತೆ. ವಲಸೆ ಕಾರ್ಮಿಕರು ಅಷ್ಟರೊಳಗೆ ಬೇರೆ ಸೈಟಿಗೆ ಹೋಗಿರುತ್ತಾರೆ.

ಟ್ಯಾಬ್ ಮಾಡಿದ್ದೇನು?

2015ರಲ್ಲಿ ‘ಮಲೇರಿಯಾ ಕಂಟ್ರೋಲ್ ಸಿಸ್ಟಮ್’ ತಂತ್ರಾಂಶ ಮತ್ತು ಆರೋಗ್ಯ ಕಾರ್ಯಕರ್ತರ ಕೈಗೆ ಆಂಡ್ರಾಯ್ಡ್ ಟ್ಯಾಬ್ ಬಂದವು. ಕೆಲಸದ ಕ್ರಮ ಸರಳ:

1. ಸರ್ಕಾರಿ, ಖಾಸಗಿ ಆಸ್ಪತ್ರೆ ಮತ್ತು ಲ್ಯಾಬ್‌ಗಳಲ್ಲಿ ಪತ್ತೆಯಾದ ಪ್ರಕರಣ ಆನ್‌ಲೈನ್‌ನಲ್ಲಿ ದಾಖಲಾಗುತ್ತೆ.
2. ಆ ಪ್ರದೇಶದ ಕಾರ್ಯಕರ್ತರ ಟ್ಯಾಬಿಗೆ ಮಾಹಿತಿ ಹೋಗುತ್ತೆ. ಅವರು ಮನೆಗೆ ಹೋಗಿ ಸ್ಥಳವನ್ನು ನಕ್ಷೆಯಲ್ಲಿ ಗುರುತಿಸುತ್ತಾರೆ.
3. ಅಕ್ಕಪಕ್ಕದಲ್ಲಿ ಜ್ವರ ಇದ್ದವರ ರಕ್ತ ಪರೀಕ್ಷೆ, ಲಾರ್ವಾ ನಾಶ ನಡೆಯುತ್ತೆ.
4. ಚಿಕಿತ್ಸೆ ಪೂರ್ತಿಯಾಗಿದೆಯೇ ಎಂದು ನೋಡಿಕೊಂಡು ಪ್ರಕರಣ ‘ಕ್ಲೋಸ್’ ಮಾಡುತ್ತಾರೆ.

ಗುಟ್ಟು ಇರೋದು ನಾಲ್ಕನೆಯದರಲ್ಲಿ. ಕಾಗದದ ವರದಿ ‘ಎಷ್ಟು ಜನಕ್ಕೆ ಬಂತು’ ಎನ್ನುತ್ತಿತ್ತು. ಟ್ಯಾಬ್ ‘ಯಾರ ಕೆಲಸ ಇನ್ನೂ ಬಾಕಿ’ ಎಂದು ತೋರಿಸತೊಡಗಿತು. ಐದು ವರ್ಷಗಳ ಅಂಕಿಅಂಶ ಆಧರಿಸಿ 2021ರಲ್ಲಿ ‘ಮಲೇರಿಯಾ ಜರ್ನಲ್’ ಪ್ರಕಟಿಸಿದ ಅಧ್ಯಯನದ ಪ್ರಕಾರ, ನಗರದ ಪ್ರಕರಣಗಳು ಶೇ.80ಕ್ಕೂ ಹೆಚ್ಚು ಇಳಿದಿದ್ದವು.

ಡೆಂಗ್ಯೂಗೂ ಇದೇ ಸಾಕಾ?

ಸಾಲದು. ಡೆಂಗ್ಯೂ ವೈರಸ್ ಕೊಲ್ಲುವ ಔಷಧಿ ಇಲ್ಲ, ಹಾಗಾಗಿ ಲಾರ್ವಾ ನಾಶವೇ ಮುಖ್ಯ ಅಸ್ತ್ರ. ಹೂಕುಂಡದ ತಟ್ಟೆ, ಹಳೇ ಟೈರ್, ಎಳನೀರು ಚಿಪ್ಪು ಯಾವುದರಲ್ಲಾದರೂ ಈಡಿಸ್ ಸೊಳ್ಳೆ ಬೆಳೆಯುತ್ತೆ.

ಇದಕ್ಕೆ ಪಾಕಿಸ್ತಾನದ ಲಾಹೋರ್ ಒಂದು ದಾರಿ ಹುಡುಕಿತ್ತು. 2011ರ ಡೆಂಗ್ಯೂ ಅಲೆಯಲ್ಲಿ ಅಲ್ಲಿ 300ಕ್ಕೂ ಹೆಚ್ಚು ಜನ ಸತ್ತರು. ಮರುವರ್ಷ ಸಿಬ್ಬಂದಿಗೆ ಸ್ಮಾರ್ಟ್‌ಫೋನ್ ಕೊಟ್ಟು, ಪ್ರತಿ ಜಾಗದ ‘ಮೊದಲು’ ಮತ್ತು ‘ನಂತರ’ದ ಫೋಟೋ ಸ್ಥಳದ ಗುರುತಿನ ಸಮೇತ ಕಳಿಸುವಂತೆ ಮಾಡಿದರು. ಕೂತಲ್ಲೇ ವರದಿ ಬರೆಯೋದು ಕಷ್ಟವಾಯಿತು. 2012ರಲ್ಲಿ ಪ್ರಕರಣಗಳು ತೀರಾ ಕಡಿಮೆಯಾದವು. ಹವಾಮಾನ, ಹಿಂದಿನ ಸೋಂಕಿನಿಂದ ಬಂದ ಪ್ರತಿರೋಧ ಶಕ್ತಿಯಂಥ ಕಾರಣಗಳೂ ಡೆಂಗ್ಯೂ ಏರಿಳಿತದಲ್ಲಿ ಇರುತ್ತವೆ, ಹಾಗಾಗಿ ಇಡೀ ಶ್ರೇಯವನ್ನು ಫೋನಿಗೇ ಕೊಡಲಾಗದು.

ಕರ್ನಾಟಕ ಸರ್ಕಾರ 2024ರಲ್ಲಿ ಡೆಂಗ್ಯೂವನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟ ನಗರದ ಮನೆಗಳಿಗೆ 400 ರೂ., ನಿರ್ಮಾಣ ಸ್ಥಳಗಳಿಗೆ 2,000 ರೂ. ದಂಡ ನಿಗದಿ ಮಾಡಿತು. ಆದರೆ ದಂಡ ಹಾಕೋಕೂ, ಲಾರ್ವಾ ಹುಡುಕೋಕೂ ಯಾರಾದರೂ ಅಲ್ಲಿಗೆ ಹೋಗಲೇಬೇಕಲ್ಲ?

ಮುಂದಿನ ಸಲ ಆ್ಯಪ್ ಬಿಡುಗಡೆಯಾದಾಗ ಮೂರು ಪ್ರಶ್ನೆ ಕೇಳಿ: ಖಾಸಗಿ ಲ್ಯಾಬ್‌ಗಳ ಮಾಹಿತಿ ಅದೇ ದಿನ ಬರುತ್ತಾ? ಮನೆಗೆ ಹೋಗೋಕೆ ಸಾಕಷ್ಟು ಕಾರ್ಯಕರ್ತರು, ಅವರಿಗೆ ಸರಿಯಾದ ಸಂಬಳ ಇದೆಯಾ? ಬಾಕಿ ಉಳಿದ ಪ್ರಕರಣಕ್ಕೆ ಹೊಣೆ ಯಾರು? ಇವಕ್ಕೆ ಉತ್ತರ ಇಲ್ಲದಿದ್ದರೆ, ಆ ಆ್ಯಪ್‌ನಿಂದ ಸೊಳ್ಳೆಗೇನೂ ತೊಂದರೆ ಇಲ್ಲ.